ಮಾಲ್ಟನ್ನಿನ ನೆರೆಮನೆ, ಮದರಾಸಿನ ಹಡಗುಪಟ್ಟಿ

ಟೊರಾಂಟೊ ನಗರಕ್ಕೆ ವಿಮಾನದಲ್ಲಿ ಬಂದಿಳಿಯುವ ಪ್ರತಿಯೊಬ್ಬರ ಪೆಟ್ಟಿಗೆಯ ಹಿಡಿಗೂ ವೈ-ವೈ-ಝಡ್ ಎಂಬ ಮೂರಕ್ಷರದ ಚೀಟಿಯೊಂದು ತೂಗುತ್ತಿರುತ್ತದೆ. ಟೊರಾಂಟೊ ಎಂಬ ಹೆಸರಿನಲ್ಲಿ ಈ ಅಕ್ಷರಗಳಲ್ಲಿ ಒಂದೂ ಇಲ್ಲವಲ್ಲ ಎಂದು ಅನೇಕರು ಬೆರಗಾಗಿರಬಹುದು. ಅವು ಮಾಲ್ಟನ್ ಎಂಬ ಹಳ್ಳಿಯ ರೈಲು ನಿಲ್ದಾಣದ ತಂತಿ ಸಂಕೇತದಿಂದ ಬಂದವು ಎನ್ನುತ್ತಾರೆ. 1937ರಲ್ಲಿ ಆ ಹಳ್ಳಿಯ ಸುತ್ತಣ ಹೊಲಗಳನ್ನು ಕೊಂಡು ವಿಮಾನ ನಿಲ್ದಾಣ ಕಟ್ಟಲು ಮೊದಲಿಟ್ಟರು. 1960ರವರೆಗೂ ಅದರ ಹೆಸರು ಮಾಲ್ಟನ್ ವಿಮಾನ ನಿಲ್ದಾಣವೆಂದೇ ಇತ್ತು. ಪಿಯರ್ಸನ್ನರ ಹೆಸರು ಬಂದದ್ದು 1984ರಲ್ಲಿ. ಹೀಗಾಗಿ ಒಂಟೇರಿಯೊ ಪ್ರಾಂತಕ್ಕೆ ವಲಸೆ ಬಂದ ಕನ್ನಡಿಗರಲ್ಲಿ ಬಹುಮಂದಿ ತಮಗರಿವಿಲ್ಲದೆಯೇ ಮೊದಲು ಕಾಲಿಟ್ಟದ್ದು ಮಾಲ್ಟನ್ನಿನ ಮಣ್ಣಿನ ಮೇಲೆ. ಆ ಊರಿನಲ್ಲಿ ಇಂದು ವಾಸಿಸುವವರು ತಮ್ಮ ಪೂರ್ವಿಕರನ್ನು ಹೇಗೆ ಹುಡುಕುತ್ತಾರೆ, ಆ ಹುಡುಕಾಟದಲ್ಲಿ ಕನ್ನಡಿಗರಾದ ನಮಗೆ ಏನು ಪಾಲು ಎಂಬುದೇ ಈ ಲೇಖನದ ವಿಷಯ.

ಮಾಲ್ಟನ್ ಎಂಬುದು ಇಂಗ್ಲೆಂಡಿನ ಯಾರ್ಕ್‌ಶೈರಿನ ಒಂದು ಪೇಟೆಯ ಹೆಸರು. ಅಲ್ಲಿಂದ ಬಂದ ರಿಚರ್ಡ್ ಹ್ಯಾಲಿಡೇ ಎಂಬ ಕಮ್ಮಾರನ ಊರಿನ ನೆನಪಿನಲ್ಲಿ ಈ ಹಳ್ಳಿಗೂ ಅದೇ ಹೆಸರಾಯಿತು. ನಮ್ಮಲ್ಲಿ ವಲಸೆ ಹೋದವರು ಹೊಸ ಊರಿಗೆ ಹಳೆಯ ದೇವರ ಹೆಸರಿಟ್ಟಂತೆ! ಆದರೆ ಹ್ಯಾಲಿಡೇ ಬರುವ ಮೊದಲು ಆ ನೆಲ ಬರಿದಾಗಿರಲಿಲ್ಲ. 1818ರ ಅಕ್ಟೋಬರ್ 28ರಂದು ಮಿಸ್ಸಿಸಾಗಾ ಜನಾಂಗದ ಮುಖಂಡ ಅಜಿಟಾನ್ಸ್ ಮತ್ತು ಸಂಗಡಿಗರು 6,48,000 ಎಕರೆ ಭೂಮಿಯನ್ನು ಬ್ರಿಟಿಷ್ ದೊರೆತನಕ್ಕೆ ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ ಗೊತ್ತಾದದ್ದು ವರ್ಷಕ್ಕೆ 522 ಪೌಂಡು 10 ಶಿಲಿಂಗು ಬೆಲೆಯ ಸರಕು. ಈ ಲೆಕ್ಕ ಅಣೆಪೈಸೆ ಸಹಿತ ಕಾಗದದ ಮೇಲೆ ಇದೆ. ವಸಾಹತುಶಾಹಿಗೆ ಬೇರೆ ಯಾವ ಸದ್ಗುಣವಿತ್ತೋ ಇಲ್ಲವೋ, ಬರೆದಿಡುವ ಚಟವೊಂದು ಧಾರಾಳವಾಗಿತ್ತು.

ಬರೆದಿಟ್ಟದ್ದರಿಂದ ಹುಡುಕುವವರಿಗೆ ಅನುಕೂಲವಾಯಿತು. ಅಮೆರಿಕದ ಕ್ರಾಂತಿಯ ಕಾಲದಲ್ಲಿ ದೊರೆಯ ಪಕ್ಷ ಹಿಡಿದು ಉತ್ತರಕ್ಕೆ ಓಡಿಬಂದ ಲಾಯಲಿಸ್ಟರ ಸಂತತಿಯವರು ತಮ್ಮ ಹೆಸರಿನ ಮುಂದೆ ಯು.ಇ. ಎಂಬ ಗೌರವಾಕ್ಷರಗಳನ್ನು ಬರೆದುಕೊಳ್ಳಬಹುದೆಂದು 1789ರಲ್ಲಿ ಲಾರ್ಡ್ ಡಾರ್ಚೆಸ್ಟರ್ ಆಜ್ಞೆ ಮಾಡಿದನು. ಅವರ ಸಂಘವೊಂದು 1914ರಿಂದಲೂ ನಡೆದುಬಂದಿದೆ. ತಲೆಮಾರು ತಲೆಮಾರಾಗಿ ದಾಖಲೆ ತೋರಿಸಿದವರಿಗೆ ಮಾತ್ರ ಅದರ ಪ್ರಮಾಣಪತ್ರ. ಮಾಲ್ಟನ್ ಸುತ್ತಿನ ಹಳೆಯ ಒಕ್ಕಲು ಮನೆತನಗಳ ವಿಚಾರ ತಿಳಿಯಬೇಕೆಂಬವರು ಪಕ್ಕದ ಬ್ರಾಂಪ್ಟನ್ನಿನಲ್ಲಿರುವ ಪೀಲ್ ಪ್ರಾಂತದ ದಾಖಲೆ ಭಂಡಾರಕ್ಕೆ ಹೋಗಿ ಭೂಮಿಯ ಕಾಗದಗಳನ್ನೂ ಚರ್ಚಿನ ಪುಸ್ತಕಗಳನ್ನೂ ತಿರುವಬಹುದು. ಗೌರವದ ವಂಶಕ್ಕೆ ಹೀಗೆ ದಾರಿ ಸುಗಮ.

ಅಗೌರವದ ವಂಶದ ಮಾತೇನು? ಇಲ್ಲಿಯೇ ಕತೆ ಸ್ವಾರಸ್ಯವಾಗುವುದು.

1837ರ ಡಿಸೆಂಬರಿನಲ್ಲಿ ವಿಲಿಯಂ ಲಯನ್ ಮೆಕೆಂಜಿಯ ನೇತೃತ್ವದಲ್ಲಿ ಟೊರಾಂಟೊದಲ್ಲಿ ಒಂದು ಬಂಡಾಯವಾಯಿತು. ಅದು ಬೇಗನೆ ಮುರಿದುಬಿತ್ತು. ಮೆಕೆಂಜಿ ತಪ್ಪಿಸಿಕೊಂಡನು; ಸ್ಯಾಮುಯೆಲ್ ಲೌಂಟ್ ಮತ್ತು ಪೀಟರ್ ಮ್ಯಾಥ್ಯೂಸ್ ಎಂಬಿಬ್ಬರು 1838ರ ಏಪ್ರಿಲ್ 12ರಂದು ಟೊರಾಂಟೊದಲ್ಲಿ ನೇಣಿಗೇರಿದರು. ಅವರಿಗೆ ಕ್ಷಮೆ ನೀಡಬೇಕೆಂದು ಸಾವಿರಾರು ಜನ ಸಹಿ ಮಾಡಿ ಬೇಡಿಕೊಂಡರೂ ಒಪ್ಪದಿದ್ದ ಅಧಿಕಾರಿ ಸರ್ ಜಾರ್ಜ್ ಆರ್ಥರ್. ಈ ಮಹಾಶಯನು 1824ರಿಂದ 1836ರವರೆಗೆ, ಇಂದು ಟಾಸ್ಮೇನಿಯಾ ಎನ್ನುವ ವ್ಯಾನ್ ಡೀಮನ್ಸ್ ಲ್ಯಾಂಡಿನ ಕೈದಿ ವಸಾಹತನ್ನು ಆಳಿದವನು. ಅಲ್ಲಿನ ಪೋರ್ಟ್ ಆರ್ಥರ್ ಎಂಬ ಕುಪ್ರಸಿದ್ಧ ಸೆರೆಮನೆ ಅವನ ಹೆಸರಿನದೇ. ಕೆನಡಾದ ಬಂಡಾಯಗಾರರಲ್ಲಿ ನೇಣು ತಪ್ಪಿದ ಅನೇಕರನ್ನು ಅದೇ ದ್ವೀಪಕ್ಕೆ ಸಾಗಿಸಲಾಯಿತು. ಫ್ರೆಂಚ್ ಭಾಷಿಕರಾದ ಲೋವರ್ ಕೆನಡಾದ 58 ಮಂದಿ ಸಿಡ್ನಿಗೆ ಹೋದರು. ಅಲ್ಲಿ ಇಂದಿಗೂ ಕೆನಡಾ ಬೇ, ಎಕ್ಸೈಲ್ ಬೇ ಎಂಬ ಸ್ಥಳನಾಮಗಳು ಉಳಿದಿವೆ.

ಆರ್ಥರನ ಕತೆ ಟೊರಾಂಟೊದಲ್ಲಿ ಮುಗಿಯುವುದಿಲ್ಲ. ಅವನು 1842ರಿಂದ 1846ರವರೆಗೆ ಮುಂಬಯಿಯ ಗವರ್ನರ್ ಆಗಿದ್ದನು. ಅಂದರೆ ಧಾರವಾಡ, ಬೆಳಗಾವಿಗಳ ಕನ್ನಡಿಗರಿಗೂ ಅವನೇ ದೊರೆ! ಬೆಳಗಾವಿಗೆ ಹೊಂದಿಕೊಂಡ ಸಾಮಾನಗಡ, ಸಾವಂತವಾಡಿಗಳಲ್ಲಿ 1844ರಲ್ಲಿ ಗಡಕರಿಗಳ ದಂಗೆ ಎದ್ದದ್ದು ಅವನ ಕಾಲದಲ್ಲಿಯೇ. ಟಾಸ್ಮೇನಿಯಾ, ಟೊರಾಂಟೊ, ಧಾರವಾಡ ಈ ಮೂರು ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಲು ಬೇರೆ ಸೂಜಿ ಬೇಕಾಗಿಲ್ಲ. ಹಾಗೆಯೇ, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ ಶಿಕ್ಷೆ ಮುಗಿಸಿದ ಕೈದಿಗಳನ್ನು ಮ್ಯಾಜಿಸ್ಟ್ರೇಟರ ಕುರ್ಚಿಯಲ್ಲಿ ಕೂರಿಸಿ ಕುಲೀನರ ಕೋಪಕ್ಕೆ ಗುರಿಯಾದ ಗವರ್ನರ್ ಲಾಕ್ಲನ್ ಮಕ್ವಾರಿ ನಮ್ಮ ಶ್ರೀರಂಗಪಟ್ಟಣದ 1792 ಮತ್ತು 1799ರ ಎರಡೂ ಮುತ್ತಿಗೆಗಳಲ್ಲಿ ಇದ್ದ ಸೇನಾಧಿಕಾರಿ. ಒಂದೇ ಸಾಮ್ರಾಜ್ಯದ ನೌಕರರು ಒಂದೇ ಬಗೆಯ ಪುಸ್ತಕಗಳನ್ನು ಎಲ್ಲೆಡೆಯೂ ಬರೆಯುತ್ತಿದ್ದರೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

1788ರಿಂದ 1868ರವರೆಗೆ ಆಸ್ಟ್ರೇಲಿಯಕ್ಕೆ ಸಾಗಿಸಲಾದ ಕೈದಿಗಳು ಸುಮಾರು 1,62,000. ಬಹುಕಾಲ ಅವರ ಮೊಮ್ಮಕ್ಕಳು ಆ ವಿಷಯ ಎತ್ತುತ್ತಿರಲಿಲ್ಲ. ಮನೆಯ ಬೈಬಲಿನ ಹಾಳೆ ಹರಿದವರುಂಟು, ಹೆಸರು ತಿದ್ದಿದವರುಂಟು. ಈಗ ಗಾಳಿ ತಿರುಗಿದೆ. ಮೊದಲ ಹಡಗುಪಡೆಯಲ್ಲಿ ಬಂದವರ ವಂಶಸ್ಥರ ಕೂಟವೊಂದು 1968ರಲ್ಲಿಯೇ ಹುಟ್ಟಿತು. ಕೈತುಂಡು ಬಟ್ಟೆ ಕದ್ದು ಏಳು ವರ್ಷ ಗಡೀಪಾರಾದ ಮುತ್ತಜ್ಜನನ್ನು ಪಡೆದವರೇ ಅಲ್ಲಿ ಇಂದು ಕುಲೀನರು. ಕಳಂಕವೆಂದು ಬಚ್ಚಿಟ್ಟ ಕಾಗದವೇ ಅವರಿಗೆ ಕಡೆಗೆ ವಂಶದ ಕೀಲಿಕೈಯಾಯಿತು.

ನಮ್ಮ ಕಡೆಯ ಕೈದಿಗಳಿಗೆ ಅಂಥ ಅದೃಷ್ಟ ಒದಗಲಿಲ್ಲ. ಮೆಕೆಂಜಿಯ ಬಂಡಾಯವಾದ ಅದೇ 1837ರಲ್ಲಿ, ಎಂಟು ತಿಂಗಳು ಮೊದಲು, ಸುಳ್ಯ ಸೀಮೆಯ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದು ಮಂಗಳೂರಿನವರೆಗೂ ನುಗ್ಗಿದರು. ಕಲ್ಯಾಣಪ್ಪನ ಕಾಟಕಾಯಿ ಎಂದು ದಕ್ಷಿಣ ಕನ್ನಡದವರ ಬಾಯಲ್ಲಿ ಉಳಿದ ಈ ದಂಗೆಯನ್ನು ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ನೇಣಿಗೇರಿಸಲಾಯಿತು. ಮತ್ತೆ ಕೆಲವರಿಗೆ ಕಡಲಾಚೆಯ ಗಡೀಪಾರು. ಲೌಂಟ್ ಮತ್ತು ಅಪ್ಪಯ್ಯ ಗೌಡರ ನಡುವೆ ಐದೂವರೆ ತಿಂಗಳ ಅಂತರವಷ್ಟೆ. ನೇಣಾದವರ ಹೆಸರು ಊರು ಮರೆಯಲಿಲ್ಲ. ಸಾಗಿಸಲ್ಪಟ್ಟವರ ಹೆಸರನ್ನು ಕಡಲು ನುಂಗಿತು.

ಇಂಡಿಯಾದ ಕೈದಿಗಳನ್ನು ಕಂಪನಿ ಸರಕಾರ 18ನೆಯ ಶತಮಾನದ ಕೊನೆಯಿಂದಲೂ ಬೆಂಕೂಲನ್, ಪಿನಾಂಗ್‌ಗಳಿಗೆ, 1815ರಿಂದ ಮಾರಿಷಸ್ಸಿಗೆ, 1825ರಿಂದ ಸಿಂಗಪುರಕ್ಕೆ ಸಾಗಿಸುತ್ತಿತ್ತು. ಅಂಡಮಾನಿನ ಕೈದಿ ವಸಾಹತು ಶುರುವಾದದ್ದು 1858ರ ಮಾರ್ಚಿನಲ್ಲಿ, ಇನ್ನೂರು ಮಂದಿಯೊಡನೆ. ಸಿಂಗಪುರದ ರಸ್ತೆಗಳನ್ನು ಕಡಿದವರು, 1862ರಲ್ಲಿ ಪ್ರತಿಷ್ಠೆಯಾದ ಸೇಂಟ್ ಆಂಡ್ರೂಸ್ ಚರ್ಚಿನ ಗೋಡೆಗೆ ಮದರಾಸಿನ ಗಾರೆ ಮೆತ್ತಿದವರು ಇವರೇ. ಕೆಲವು ಪ್ರಾಂತಗಳಲ್ಲಿ ಕೈದಿಯ ಹಣೆಯ ಮೇಲೆ ಅವನ ಅಪರಾಧವನ್ನು ಹಚ್ಚೆಯಾಗಿ ಚುಚ್ಚುತ್ತಿದ್ದರು. 1849ರಲ್ಲಿ ಆ ಕ್ರೌರ್ಯ ನಿಂತಿತು. ಹಣೆಬರಹ ಎಂಬ ನಮ್ಮ ಮಾತಿಗೆ ಸರಕಾರವೇ ಭಾಷ್ಯ ಬರೆದಂತಿತ್ತು ಅದು. ಶಿಕ್ಷೆ ಮುಗಿದ ಮೇಲೆ ಅನೇಕರು ಊರಿಗೆ ಮರಳಲಿಲ್ಲ. ಅಲ್ಲಿನ ಮಲಯಾ ಹೆಣ್ಣುಗಳನ್ನು ಮದುವೆಯಾಗಿ ಆ ಜನರಲ್ಲಿ ಬೆರೆತುಹೋದರು. ಅವರ ಸಂತತಿ ಇಂದಿಗೂ ಇರಲೇಬೇಕು. ಆದರೆ ಅವರ ಹೆಸರು, ಧರ್ಮ, ಮಾತು ಎಲ್ಲವೂ ಬೇರೆ. ಹಾಗಿದ್ದ ಮೇಲೆ ಅವರನ್ನು ನಮ್ಮವರೆಂದು ಎಳೆದಾಡುವ ಹಕ್ಕು ನಮಗಿದೆಯೆಂದು ನನಗೆ ತೋರುವುದಿಲ್ಲ. ಅವರಾಗಿ ಹುಡುಕಿ ಬಂದರೆ ಬಾಗಿಲು ತೆರೆದಿರಲಿ, ಅಷ್ಟೆ.

ಹುಡುಕಿ ಬರುತ್ತಿರುವವರು ಬೇರೊಂದು ಗುಂಪಿನವರು. ಅವರು ಇರುವುದು ಮಾಲ್ಟನ್ನಿನಲ್ಲಿಯೇ. ಇಂದಿನ ಮಾಲ್ಟನ್ ಪಂಜಾಬಿಗಳ ಊರೆಂದು ಹೆಸರಾಗಿದೆ. ಆದರೆ ಅದೇ ಬೀದಿಗಳಲ್ಲಿ ಗಯಾನಾ, ಟ್ರಿನಿಡಾಡ್‌ಗಳಿಂದ ಬಂದ ಭಾರತೀಯ ಮೂಲದ ಕುಟುಂಬಗಳೂ ಬಹಳ ಕಾಲದಿಂದ ಇವೆ. ಅವರು ಎರಡು ಸಲ ಕಡಲು ದಾಟಿದವರು. ಮೊದಲ ಸಲ ಅವರ ಹಿರಿಯರು ದಾಟಿದ್ದು ಕಬ್ಬಿನ ತೋಟದ ಐದು ವರ್ಷದ ಕರಾರಿನ ಮೇಲೆ. ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಎಂಬ ಹಡಗುಗಳು ಗಯಾನಾ ಮುಟ್ಟಿದ್ದು 1838ರ ಮೇ 5ರಂದು; ಟೊರಾಂಟೊದಲ್ಲಿ ಲೌಂಟ್ ನೇಣಾಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ. 1917ರವರೆಗೆ ಆ ಒಂದು ನಾಡಿಗೇ ಹೋದವರು ಸುಮಾರು 2,39,000. ಇವರು ಕೈದಿಗಳಲ್ಲ, ಕರಾರು ಕೂಲಿಗಳು. ಆದರೆ ಡಿಪೋದ ಆವರಣ, ಕೊರಳಿನ ತಗಡಿನ ಬಿಲ್ಲೆ, ಮೈಮೇಲಿನ ಗುರುತುಗಳ ಪಟ್ಟಿ, ತೋಟ ಬಿಟ್ಟು ಹೊರಟರೆ ಸೆರೆಮನೆ, ಇವೆಲ್ಲ ಕೈದಿಗಳ ಆಡಳಿತದಿಂದಲೇ ಕಲಿತ ಪಾಠಗಳೆಂಬುದರಲ್ಲಿ ಸಂಶಯವಿಲ್ಲ.

ಅವರಿಗೆ ಆಸರೆಯಾಗಿರುವುದು ವಲಸೆ ಚೀಟಿ. ಪ್ರತಿಯೊಬ್ಬ ಕೂಲಿಗೂ ಹಡಗು ಹತ್ತುವ ಮುನ್ನ ಒಂದು ಚೀಟಿ ಬರೆಯುತ್ತಿದ್ದರು. ಹಡಗಿನ ಹೆಸರು, ಡಿಪೋ ಸಂಖ್ಯೆ, ಕೂಲಿಯ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಹತ್ತಿರದ ಬಂಧು, ಮದುವೆಯಾಗಿದ್ದರೆ ಯಾರೊಡನೆ, ಜಿಲ್ಲೆ, ಠಾಣೆ ಅಥವಾ ತಾಲ್ಲೂಕು, ಹಳ್ಳಿ, ಎತ್ತರ, ಮೈಯ ಗುರುತು. ಹೆಂಗಸಿಗೂ ಅವಳದೇ ಆದ ಚೀಟಿಯಿತ್ತು. ಇದು ಸಣ್ಣ ಸಂಗತಿಯಲ್ಲ. ಗಂಡು ಸಂತತಿಯನ್ನೇ ಬರೆದುಕೊಂಡು ಬಂದ ನಮ್ಮ ಮನೆತನದ ವಂಶಾವಳಿಗಳಲ್ಲಿ ಮುತ್ತಜ್ಜಿಯ ಹೆಸರು ಸಿಗದು. ಕೂಲಿ ಚೀಟಿಯಲ್ಲಿ ಅವಳ ತಂದೆಯ ಹೆಸರೂ ಸಿಗುತ್ತದೆ. ಗಯಾನಾ ಮೂಲದ ಲೇಖಕಿ ಗಾಯತ್ರಾ ಬಹಾದೂರ್ 1903ರಲ್ಲಿ ಗರ್ಭಿಣಿಯಾಗಿ ಒಬ್ಬಳೇ ಕಲ್ಕತ್ತೆಯಿಂದ ಹೊರಟ ತನ್ನ ಮುತ್ತಜ್ಜಿಯನ್ನು ಹುಡುಕುತ್ತ 2013ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಟ್ರಿನಿಡಾಡಿನ ಪ್ರಧಾನಿಯಾಗಿದ್ದ ಕಮಲಾ ಪರ್ಸಾದ್ ಬಿಸ್ಸೇಸರ್ 2012ರ ಜನವರಿಯಲ್ಲಿ ಬಿಹಾರದ ಬಕ್ಸರ್ ಜಿಲ್ಲೆಯ ಭೇಲುಪುರಕ್ಕೆ ಬಂದು, ಮುತ್ತಜ್ಜ 1889ರಲ್ಲಿ ಬಿಟ್ಟುಹೋದ ಊರಿನಲ್ಲಿ ನಿಂತು ಕಣ್ಣೀರಿಟ್ಟರು. ಮಾಲ್ಟನ್ನಿನ ಗ್ರಂಥಾಲಯದ ಗಣಕಯಂತ್ರದ ಮುಂದೆ ಕುಳಿತವರಿಗೂ ಇಂಥ ಚೀಟಿಯೊಂದು ದೊರೆತೀತೆಂಬ ಆಸೆ.

ಆ ಚೀಟಿಯಲ್ಲಿ ಇಲ್ಲದ ಕಾಲಂ ಯಾವುದು? ಭಾಷೆ. ಜಾತಿ ಕೇಳಿದರು, ಎಡ ಮೊಣಕೈಯ ಗಾಯದ ಕಲೆ ನೋಡಿದರು. ನಿನ್ನ ಮಾತು ಯಾವುದು ಎಂದು ಯಾರೂ ಬರೆದುಕೊಳ್ಳಲಿಲ್ಲ. ತೋಟಕ್ಕೆ ಬೇಕಾದದ್ದು ತೋಳು, ನಾಲಗೆಯಲ್ಲ.

ಇದರ ಫಲವೇನಾಯಿತೆಂದರೆ, ಕಲ್ಕತ್ತೆಯ ಬಂದರಿನಿಂದ ಹೋದವರೆಲ್ಲ ಕಲ್ಕತ್ತೆಯವರಾದರು, ಮದರಾಸಿನಿಂದ ಹೋದವರೆಲ್ಲ ಮದರಾಸಿಗಳಾದರು. ಗಯಾನಾಕ್ಕೆ ಹೋದ ಮದರಾಸಿಗಳು ಹದಿನೈದು ಸಾವಿರದಷ್ಟು. ನಟಾಲಿಗೆ 1860ರ ನವೆಂಬರ್ 16ರಂದು ಮೊದಲು ಬಂದ ‘ಟ್ರೂರೋ’ ಹಡಗು ಮದರಾಸಿನದೇ. 1911ರವರೆಗೆ ಅಲ್ಲಿಗೆ ಹೋದ 1,52,000 ಜನರಲ್ಲಿ ಮೂರರಲ್ಲಿ ಎರಡು ಪಾಲು ಮದರಾಸಿನವರು. ಫಿಜಿಗೆ 1903ರಿಂದ ಮದರಾಸಿನ ಹಡಗುಗಳೂ ಹೋದವು. ಇವರೆಲ್ಲ ತಮಿಳರು, ಇಲ್ಲವೆ ತೆಲುಗರು ಎಂದು ಇಂದು ಎಲ್ಲರೂ ನಂಬಿದ್ದಾರೆ. ಬಹುಪಾಲು ನಿಜವೂ ಹೌದು. ಆದರೆ ಅಂದಿನ ಮದರಾಸು ಪ್ರಾಂತದ ನಕ್ಷೆಯನ್ನು ಒಮ್ಮೆ ನೋಡಬೇಕು. ಬಳ್ಳಾರಿ 1953ರವರೆಗೆ ಅದರಲ್ಲಿತ್ತು. ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಅದರಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. ಇದರ ಮೇಲೆ ಮೈಸೂರು ಸಂಸ್ಥಾನದಿಂದ ಹೊಟ್ಟೆಪಾಡಿಗೆ ಘಟ್ಟ ಇಳಿದು ಹೋದವರು ಬೇರೆ. ನಟಾಲಿನ ಹಡಗುಪಟ್ಟಿಗಳಲ್ಲಿ ಮೈಸೂರು, ಬೆಂಗಳೂರುಗಳ ಹೆಸರು ಇದ್ದೇ ಇದೆ.

ಏಕೆ ಹೋದರು ಎಂದು ಕೇಳುವವರು 1876ರಿಂದ 1878ರವರೆಗಿನ ಬರವನ್ನು ನೆನೆಯಬೇಕು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಎಣಿಕೆಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ಸುಮಾರು 8,70,000 ಮಂದಿ ಕಡಮೆಯಾದರು. ಹತ್ತು ವರ್ಷದಲ್ಲಿ ಹುಟ್ಟಬೇಕಾಗಿದ್ದವರ ಲೆಕ್ಕ ಇದರಲ್ಲಿ ಸೇರಿಲ್ಲ. ಬಳ್ಳಾರಿ ಸೀಮೆಯ ಗತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ಸತ್ತವರು ಬಹುಮಂದಿ, ಗುಳೆ ಹೋದವರು ಹಲವರು. ಗುಳೆ ಹೋದವರಲ್ಲಿ ಮದರಾಸಿನ ಡಿಪೋ ಮುಟ್ಟಿದವರು ಕೆಲವರಾದರೂ ಇರಲೇಬೇಕೆಂದು ನನ್ನ ಊಹೆ. ಹೋದ ಮಗ ಬರಲಿಲ್ಲವೆಂದರೆ ಬರದಲ್ಲಿ ಸತ್ತನೆಂದೇ ಊರಿನಲ್ಲಿ ತಿಳಿದಿರುತ್ತಾರೆ. ಅವನ ಮರಿಮಕ್ಕಳು ಡರ್ಬನ್ನಿನಲ್ಲಿ ತಾವು ತಮಿಳರೆಂದೇ ತಿಳಿದು ಬಾಳುತ್ತಿರಬಹುದು.

ಹಾಗಾದರೆ ಭಾಷೆಯ ಕಾಲಂ ಇಲ್ಲದ ಚೀಟಿಯಲ್ಲಿ ಕನ್ನಡವನ್ನು ಹುಡುಕುವುದು ಹೇಗೆ? ಉದಾಹರಣೆಗಾಗಿ ಒಂದು ಚೀಟಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು ಮುನಿಯಮ್ಮ, ತಂದೆ ಚಿಕ್ಕಣ್ಣ, ಜಿಲ್ಲೆ ಸೇಲಂ, ತಾಲ್ಲೂಕು ಹೊಸೂರು, ಹಳ್ಳಿಯ ಹೆಸರಿನ ಕೊನೆ ‘ಹಳ್ಳಿ’. ಮುನಿಯಮ್ಮ ಎಂಬುದರಿಂದ ಏನೂ ತಿಳಿಯದು. ಮೂರು ಭಾಷೆಯವರೂ ಆ ಹೆಸರಿಡುತ್ತಾರೆ. ಆದರೆ ತಂದೆಯ ಹೆಸರು ಚಿನ್ನಣ್ಣನಲ್ಲ, ಚಿಕ್ಕಣ್ಣ. ತಮಿಳು ತೆಲುಗುಗಳಲ್ಲಿ ‘ಚಿನ್ನ’ ಆಗುವುದು ನಮ್ಮಲ್ಲಿ ‘ಚಿಕ್ಕ’. ಹಾಗೆಯೇ ದೊಡ್ಡಯ್ಯ, ಕೆಂಪಮ್ಮ, ಹುಚ್ಚಯ್ಯ ಎಂಬ ಹೆಸರುಗಳು ಕಂಡರೆ ಕಿವಿ ನಿಮಿರಬೇಕು. ಊರಿನ ಹೆಸರಿನಲ್ಲಿ ‘ಪಳ್ಳಿ’ಯ ಬದಲು ‘ಹಳ್ಳಿ’ ಇದ್ದರೆ ಅದೂ ಒಂದು ಸುಳಿವು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದದ್ದು ಇಲ್ಲಿ ಕಾಗದದ ಪತ್ತೇದಾರನಾಗುತ್ತದೆ. ಜಾತಿಯ ಕಾಲಮಿನಲ್ಲಿ ಒಕ್ಕಲಿಗ, ಲಿಂಗಾಯತ, ಕುರುಬ, ಬೆಸ್ತ, ಹೊಲೆಯ ಎಂಬ ಮಾತುಗಳು ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಎಷ್ಟೇ ವಿಕಾರವಾಗಿದ್ದರೂ ಗಟ್ಟಿಯಾಗಿ ಓದಿದರೆ ಗುರುತು ಹತ್ತುತ್ತವೆ. ದಕ್ಷಿಣ ಕನ್ನಡದವರಾದರೆ ಐತ, ಅಂಗಾರ, ತನಿಯ ಎಂಬ ವಾರದ ದಿನಗಳ ಹೆಸರುಗಳು ತುಳುವರನ್ನು ತೋರಿಸಿಕೊಡುತ್ತವೆ. ಮಾಲ್ಟನ್ನಿನ ಗಯಾನೀ ಹುಡುಗನಿಗೆ ಇದಾವುದೂ ಗೊತ್ತಾಗುವಂತಿಲ್ಲ. ನಮ್ಮ ಸಮ್ಮೇಳನಕ್ಕೆ ಬರುವ ಯಾವ ಅಜ್ಜಿಗೂ ಇದು ಗೊತ್ತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸುಳಿವು ಸಾಕ್ಷ್ಯವಲ್ಲ. ಹೊಸೂರಿನ ‘ಹಳ್ಳಿ’ಗಳಲ್ಲಿ ಮೂರೂ ಭಾಷೆಯವರು ಇದ್ದರು, ಒಂದೇ ಮನೆಯಲ್ಲಿ ಎರಡು ಭಾಷೆ ನಡೆಯುತ್ತಿದ್ದುದೂ ಉಂಟು. ಜಾತಿಯನ್ನು ಮರೆಸಿ ಬೇರೊಂದು ಹೇಳಿದವರು ಅನೇಕರು, ಅವರಿಗೆ ಅದಕ್ಕೆ ತಕ್ಕ ಕಾರಣಗಳೂ ಇದ್ದವು. ಗಯಾನಾದ ಮದರಾಸಿ ಪೂಜೆಯಲ್ಲಿ ಮಾರಿಯಮ್ಮನಿದ್ದಾಳೆ, ಬೇವಿನ ಸೊಪ್ಪಿದೆ, ತಪ್ಪು ಎಂಬ ಚರ್ಮವಾದ್ಯವಿದೆ, ಕರಗವಿದೆ. ಇದನ್ನು ಕೇಳಿದೊಡನೆ ನಮ್ಮ ಮಾರಮ್ಮ, ನಮ್ಮ ತಮಟೆ, ಬೆಂಗಳೂರಿನ ಕರಗ ಎಂದು ಹಿಗ್ಗುವುದು ಸಹಜ. ಆದರೆ ಬೆಂಗಳೂರಿನ ಕರಗ ಹೊರುವ ತಿಗಳರ ಮೂಲವೇ ತಮಿಳು ಸೀಮೆಯದೆಂದು ಹೇಳುವವರಿದ್ದಾರೆ. ದೇವತೆಗಳು ನಮಗಿಂತ ಮೊದಲೇ ಗಡಿ ದಾಟಿದವರು. ಅವರ ಬೆನ್ನುಹತ್ತಿ ಭಾಷೆಯನ್ನು ಹಿಡಿಯಲು ಹೋಗುವುದು ಅವಸರದ ಕೆಲಸ.

ದಾಖಲೆಗಳೆಲ್ಲಿವೆ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗಯಾನಾದ ಪುಸ್ತಕಗಳು ಜಾರ್ಜ್‌ಟೌನಿನ ವಾಲ್ಟರ್ ರಾಡ್ನಿ ರಾಷ್ಟ್ರೀಯ ಭಂಡಾರದಲ್ಲಿ, ಮಾರಿಷಸ್ಸಿನವು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ, ಫಿಜಿಯವು ಸುವಾದ ರಾಷ್ಟ್ರೀಯ ಭಂಡಾರದಲ್ಲಿವೆ. ಮಾರಿಷಸ್ಸಿನವರು ಕೂಲಿಗಳ ಭಾವಚಿತ್ರಗಳನ್ನೂ ಕಾಪಾಡಿದ್ದಾರೆ. ಅಲ್ಲಿ ಕೂಲಿಗಳು ಇಳಿದ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗಯಾನಾಕ್ಕೆ ಮದರಾಸಿನಿಂದ ಹೋದವರಲ್ಲಿ ಬಹುಪಾಲು ಜನ 1862ಕ್ಕೆ ಮೊದಲೇ ಹೋದವರಾದ್ದರಿಂದ ಅವರ ಕಾಗದಗಳಲ್ಲಿ ವಿವರ ಕಡಮೆ, ಹುಡುಕಾಟ ಕಷ್ಟ. ನಟಾಲಿನದು ಹೆಚ್ಚು ಫಲ ಕೊಡುವ ಹೊಲ.

ಇನ್ನು ನಮ್ಮ ಮನೆಯ ಮಾತು. ಪರರ ವಂಶ ಹುಡುಕಿಕೊಡುವ ಉತ್ಸಾಹದಲ್ಲಿ ನಮ್ಮದನ್ನು ಮರೆಯುವ ಅಪಾಯವಿದೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಳವರಿದ್ದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಡನೆ ಊರಿಗೆ ಬಂದು, ಮನೆಯ ಮುಂದೆ ನಿಂತು ಆ ಒಕ್ಕಲಿನ ಮೂಲ ಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಮೂಲಸ್ಥಳ ಯಾವುದು, ಎಲ್ಲಿಂದ ಎಲ್ಲಿಗೆ ಒಕ್ಕಲೆದ್ದು ಬಂದಿರಿ ಎಂಬುದನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಕಾಳುಕಡ್ಡಿ ಪಡೆದು ಹೋಗುತ್ತಿದ್ದರು. ಈಗಲೂ ಕೆಲವು ಕಡೆ ಬರುತ್ತಾರೆ. ಕಾಶಿ, ಗಯೆ, ಹರಿದ್ವಾರಗಳ ಪಂಡರ ಬಳಿಯೂ ಯಾತ್ರೆಗೆ ಹೋದವರ ಕೈಬರಹದ ವಹಿಗಳುಂಟು. ಊರಿಗೆ ಹೋದಾಗ ರೇಷ್ಮೆ ಸೀರೆಯ ಅಂಗಡಿಗೆ ಕೊಡುವ ಸಮಯದಲ್ಲಿ ಅರ್ಧ ದಿನವನ್ನು ಹೆಳವರ ಪತ್ತೆಗೆ ಮೀಸಲಿಟ್ಟರೆ ನಷ್ಟವಿಲ್ಲ. ಹೆಳವನು ಮನೆಗೆ ಬಂದಾಗ ಹೇಳುವವರು ಯಾರೂ ಇಲ್ಲದಿದ್ದರೆ ಕೆನಡಾದ ಮೊಮ್ಮಗಳ ಹೆಸರು ಆ ಪುಸ್ತಕಕ್ಕೆ ಏರುವುದಿಲ್ಲ. ಹೇಳುವವರಿದ್ದಾಗ ಮೊಮ್ಮಗಳ ಹೆಸರನ್ನೂ ಬರೆಸಿಕೊಳ್ಳಿ ಎಂದು ಕೇಳುವುದಕ್ಕೆ ಸಂಕೋಚವೇಕೆ?

ಹೆಸರಿನ ವಿಚಾರ ಇನ್ನೊಂದಿದೆ. ತೋಟದ ಗುಮಾಸ್ತನು ಕೂಲಿಯ ಒಂಟಿ ಹೆಸರನ್ನು ಬರೆದುಕೊಂಡ, ಅದೇ ಮಕ್ಕಳಿಗೆ ಮನೆತನದ ಹೆಸರಾಯಿತು. ವೀರಸಾಮಿ, ರಾಮಸಾಮಿ ಎಂಬವು ಇಂದು ಗಯಾನಾದಲ್ಲಿ ಅಡ್ಡಹೆಸರುಗಳು. ನಕ್ಕುಬಿಡುವ ಮೊದಲು ನಮ್ಮ ಪಾಸ್‌ಪೋರ್ಟುಗಳನ್ನು ತೆಗೆದು ನೋಡೋಣ. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ನಮ್ಮ ಕ್ರಮ ಇಲ್ಲಿನ ಅರ್ಜಿಯ ಮೂರು ಚೌಕಗಳಿಗೆ ಹೊಂದದೆ, ಒಬ್ಬ ಅಣ್ಣನಿಗೆ ಊರು ಅಡ್ಡಹೆಸರಾಗಿದೆ, ತಮ್ಮನಿಗೆ ತಂದೆ ಅಡ್ಡಹೆಸರಾಗಿದ್ದಾನೆ, ಅಕ್ಕನಿಗೆ ಗಂಡನ ಹೆಸರೇ ಕುಲನಾಮವಾಗಿದೆ. ಒಂದೇ ತಾಯಿಯ ಮೂವರು ಮಕ್ಕಳು ಕಾಗದದಲ್ಲಿ ಮೂರು ವಂಶದವರು! ಹೊಳೇನರಸೀಪುರವನ್ನು ಒಂದಕ್ಷರಕ್ಕೆ ಇಳಿಸಿ ‘ಎಚ್.’ ಎಂದು ಬರೆದದ್ದು ಏನೆಂದು ಮೂರನೆಯ ತಲೆಮಾರಿಗೆ ಯಾರು ಹೇಳಬೇಕು? ಒಂದು ಹಾಳೆಯಲ್ಲಿ ಆ ಇನಿಷಿಯಲ್ಲುಗಳನ್ನು ಬಿಡಿಸಿ ಬರೆದು, ಊರು, ತಾಲ್ಲೂಕು, ಅಜ್ಜ ಅಜ್ಜಿಯರ ಹೆಸರು, ಅಜ್ಜಿಯ ತವರು, ಬಂದಿಳಿದ ವರ್ಷ ಇಷ್ಟನ್ನು ಸೇರಿಸಿಟ್ಟರೆ ಸಾಕು. ಕೂಲಿಯ ಚೀಟಿಯಲ್ಲಿ ಇದ್ದಷ್ಟಾದರೂ ವಿವರ ನಮ್ಮ ಮನೆಗಳಲ್ಲಿ ಇರಬೇಡವೇ?

ಭಾಷೆಯ ಕಾಲಮಿನ ಮಟ್ಟಿಗೆ ಕೆನಡಾ ದೇಶ ನಮಗೆ ಒಂದು ಉಪಕಾರ ಮಾಡಿದೆ. 1901ರಿಂದ ಇಲ್ಲಿನ ಜನಗಣತಿಯಲ್ಲಿ ಮಾತೃಭಾಷೆಯನ್ನು ಕೇಳುತ್ತ ಬಂದಿದ್ದಾರೆ. ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂದು 1971ರಿಂದ ಕೇಳುತ್ತಾರೆ. ಐದು ವರ್ಷಕ್ಕೊಮ್ಮೆ ಬರುವ ಈ ಅರ್ಜಿಯನ್ನು ತುಂಬುವ ಭಾರ ಬಹಳ ಮನೆಗಳಲ್ಲಿ ಇಲ್ಲಿಯೇ ಓದಿದ ಮಕ್ಕಳ ಮೇಲೆ ಬೀಳುತ್ತದೆ. ಅವರು ಅವಸರದಲ್ಲಿ ಇಂಗ್ಲಿಷ್ ಎಂದು ಗುರುತು ಹಾಕಿಬಿಡುತ್ತಾರೆ, ಅಥವಾ ಇಂಡಿಯಾದವರ ಭಾಷೆಯೆಂದು ಹಿಂದಿ ಎಂದು ಬರೆಯುತ್ತಾರೆ. ಮಾಲ್ಟನ್, ಬ್ರಾಂಪ್ಟನ್, ಮಿಸ್ಸಿಸಾಗಾಗಳ ಕನ್ನಡ ಮನೆಗಳಲ್ಲಿ ಆ ಹಾಳೆ ಬಂದ ದಿನ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತರೆ ಒಳ್ಳೆಯದು. ಗಣತಿಯ ಹಾಳೆಗಳನ್ನು ಇಲ್ಲಿ 92 ವರ್ಷ ಗುಟ್ಟಾಗಿಟ್ಟು ಆಮೇಲೆ ರಾಷ್ಟ್ರೀಯ ಭಂಡಾರಕ್ಕೆ ಕೊಡುತ್ತಾರೆ. 2006, 2011, 2016ರ ಗಣತಿಗಳಲ್ಲಿ ಒಪ್ಪಿಗೆ ಕೊಟ್ಟವರ ವಿವರವನ್ನು ಮಾತ್ರ ಹಾಗೆ ತೆರೆಯಲಾಗುವುದು. ಆ ನಿಯಮವನ್ನು 2017ರಲ್ಲಿ ಬದಲಿಸಿದ್ದರಿಂದ 2021ರಿಂದ ಎಲ್ಲರ ಹಾಳೆಗಳೂ ತೆರೆಯುತ್ತವೆ. 2021ರಲ್ಲಿ ಮಾಲ್ಟನ್ನಿನ ಯಾವ ಮನೆಯಲ್ಲಿ ಯಾರು ಮಾತೃಭಾಷೆಯ ಚೌಕದಲ್ಲಿ ಕನ್ನಡ ಎಂದು ಬರೆದರೆಂಬುದನ್ನು ಅವರ ಮರಿಮಕ್ಕಳು 2113ರಲ್ಲಿ ಓದಬಹುದು.